ಅಡಿಕೆಯ ಬೇರಿನಲ್ಲಿ ಶಿಲೀಂಧ್ರದ ಸಹಜೀವನ: ಹಾವೇರಿ ಸೀಮೆಯ ತೋಟಗಳನ್ನು ಕುರಿತು

ಅಡಿಕೆ ಬೆಳೆಗಾರನ ಕಿವಿಗೆ ಅಣಬೆ ಎಂಬ ಮಾತು ಹಿತವಾದುದಲ್ಲ. ಮರದ ಬುಡದಲ್ಲಿ ಕಂದು ಬಣ್ಣದ, ಹೊಳಪುಳ್ಳ, ಬೀಸಣಿಗೆಯಾಕಾರದ ಅಣಬೆಯೊಂದು ಮೂಡಿತೆಂದರೆ ಆ ಮರದ ಆಯುಸ್ಸು ಮುಗಿಯಿತೆಂದೇ ಅವನು ತಿಳಿಯುತ್ತಾನೆ. ಗ್ಯಾನೊಡರ್ಮ ಎಂಬ ಶಿಲೀಂಧ್ರದಿಂದ ಉಂಟಾಗುವ ಈ ಬುಡಕೊಳೆತಕ್ಕೆ ಅಣಬೆ ರೋಗವೆಂದೇ ಹೆಸರು. ಬಯಲುಸೀಮೆಯ ತೋಟಗಳಲ್ಲಿ ಇದರ ಕಾಟ ವಿಶೇಷ. ಮಲೆನಾಡಿನ ಕೊಳೆ ರೋಗವನ್ನೂ ಬಹುಕಾಲ ಶಿಲೀಂಧ್ರದ ಕೃತ್ಯವೆಂದೇ ಎಣಿಸಲಾಗಿದ್ದಿತು. (ಅದಕ್ಕೆ ಕಾರಣವಾದ ಫೈಟಾಫ್ತೊರವನ್ನು ಈಗಿನ ವರ್ಗೀಕರಣವು ನಿಜವಾದ ಶಿಲೀಂಧ್ರಗಳ ಪಂಕ್ತಿಯಿಂದ ಹೊರಗಿಟ್ಟಿದೆ.) ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ನರು 1910ರಲ್ಲಿ ಕೊಳೆ ರೋಗದ ಅಧ್ಯಯನವನ್ನು ಪ್ರಕಟಿಸಿ ಬೋರ್ಡೋ ದ್ರಾವಣದ ಸಿಂಪಡಣೆಗೆ ದಾರಿ ಮಾಡಿಕೊಟ್ಟಂದಿನಿಂದ ಇಂದಿನವರೆಗೆ, ಅಡಿಕೆಯ ತೋಟದಲ್ಲಿ ಶಿಲೀಂಧ್ರವೆಂದರೆ ಕೊಲ್ಲತಕ್ಕ ವಸ್ತುವೆಂಬ ಭಾವನೆಯೇ ಬೇರೂರಿದೆ. ಆದರೆ ಅದೇ ಅಡಿಕೆಯ ಮರ, ಬರಿಗಣ್ಣಿಗೆ ಕಾಣದ ಇನ್ನೊಂದು ಜಾತಿಯ ಶಿಲೀಂಧ್ರವನ್ನು ತನ್ನ ಬೇರಿನೊಳಗೆ ಕರೆದು, ಅನ್ನವಿಟ್ಟು, ಸಾಕಿಕೊಂಡಿರುತ್ತದೆ. ಈ ಲೇಖನದ ವಿಷಯ ಆ ಶಿಲೀಂಧ್ರ. ಮತ್ತು ಮಲೆನಾಡಿನಿಂದ ಇಳಿದು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಬಯಲಿಗೆ ಬಂದ ಅಡಿಕೆಗೆ ಅದರಿಂದ ದೊರೆಯಬೇಕಾದ ನೆರವು ದೊರೆಯುತ್ತಿದೆಯೆ ಎಂಬ ಪ್ರಶ್ನೆ.

ಬೇರು ಮತ್ತು ಶಿಲೀಂಧ್ರಗಳ ಈ ಕೂಡುಬಾಳಿಗೆ ಮೈಕೊರೈಜ ಎಂಬ ಹೆಸರನ್ನು ಜರ್ಮನಿಯ ಸಸ್ಯವಿಜ್ಞಾನಿ ಫ್ರಾಂಕ್ 1885ರಲ್ಲಿ ಕೊಟ್ಟನು. ನಾವು ಅದನ್ನು ಬೇರುಶಿಲೀಂಧ್ರವೆಂದು ಕರೆಯಬಹುದು. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಬೇರಿನ ತುದಿಯನ್ನು ಹೊರಗಿನಿಂದ ಒರೆಯಂತೆ ಮುಚ್ಚಿಕೊಳ್ಳುವುದು. ಪೈನ್, ನೀಲಗಿರಿ ಮೊದಲಾದ ಮರಗಳಲ್ಲಿ ಇದುಂಟು. ರಾಣೇಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿರುವಂಥ ನೀಲಗಿರಿಯ ನೆಡುತೋಪುಗಳಲ್ಲಿ ಮಳೆ ಬಿದ್ದ ಮೇಲೆ ನೆಲದಿಂದೇಳುವ ಕೆಲವು ಅಣಬೆಗಳು ಈ ವರ್ಗದವು. ಎರಡನೆಯ ಬಗೆಯು ಬೇರಿನ ಒಳಗೇ ವಾಸಿಸತಕ್ಕದ್ದು. ಅದು ಅಣಬೆಯಾಗಿ ಮೇಲೆ ಬರುವುದೇ ಇಲ್ಲ. ಅಡಿಕೆ, ತೆಂಗು, ಗೇರು ಈ ಮೂರೂ ಎರಡನೆಯ ಬಗೆಯನ್ನೇ ಆಶ್ರಯಿಸಿವೆ. ಈ ಸೀಮೆಯ ಜೋಳ, ಗೋವಿನಜೋಳ, ಹತ್ತಿ, ಮೆಣಸಿನಕಾಯಿ, ಬಾಳೆಗಳೂ ಹಾಗೆಯೇ. ನೆಲದ ಮೇಲಿನ ಸಸ್ಯಜಾತಿಗಳಲ್ಲಿ ಮೂರರಲ್ಲೆರಡು ಪಾಲಿಗೂ ಹೆಚ್ಚು ಈ ಒಳವಾಸಿ ಶಿಲೀಂಧ್ರದೊಡನೆ ಬಾಳುತ್ತವೆ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ದೊರೆತ ನಲವತ್ತು ಕೋಟಿ ವರ್ಷಗಳ ಹಿಂದಿನ ಶಿಲೆಯಲ್ಲಿ, ಬೇರುಗಳೇ ಇನ್ನೂ ರೂಪುಗೊಳ್ಳದಿದ್ದ ಸಸ್ಯಗಳ ದೇಹದಲ್ಲಿ, ಇದರ ಗುರುತುಗಳು ಕಂಡಿವೆ. ಬೇರಿಗಿಂತ ಬೇರುಶಿಲೀಂಧ್ರವೇ ಹಳೆಯದೆಂದರೆ ಮಾತು ವಿಚಿತ್ರವಾಗಿ ಕೇಳಿಸೀತು, ಆದರೆ ಸತ್ಯ.

ಇದರ ರಚನೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಮಣ್ಣಿನಲ್ಲಿರುವ ಬೀಜಾಣು ಮೊಳೆತು ತಂತುವೊಂದನ್ನು ಹೊರಗೆ ಚಾಚುತ್ತದೆ. ತಂತುವು ಎಳೆಯ ಬೇರನ್ನು ಮುಟ್ಟಿ, ಅದರ ಹೊರಪದರವನ್ನು ತೂರಿ, ಒಳಗಿನ ಕೋಶಗಳನ್ನು ಹೊಕ್ಕು, ಅಲ್ಲಿ ಚಿಕ್ಕದೊಂದು ಗಿಡದಂತೆ ಕವಲೊಡೆಯುವುದು. ಕೋಶದ ಗೋಡೆಯನ್ನು ಅದು ತೂರುತ್ತದೆಯೇ ಹೊರತು ಒಳಗಿನ ಜೀವಪೊರೆಯನ್ನು ಹರಿಯುವುದಿಲ್ಲ. ಪೊರೆಯು ಕವಲುಗಳ ಸುತ್ತ ಮಡಿಕೆಮಡಿಕೆಯಾಗಿ ಹಾಸಿಕೊಳ್ಳುತ್ತದೆ. ಹೀಗೆ ಹಿಗ್ಗಿದ ಮೇಲ್ಮೈಯೇ ಕೊಡುಕೊಳ್ಳುವಿಕೆಯ ಸ್ಥಳ. ಶಿಲೀಂಧ್ರವು ಮಣ್ಣಿನಿಂದ ತಂದ ರಂಜಕ, ಸತು, ತಾಮ್ರಗಳನ್ನು ಇಲ್ಲಿ ಒಪ್ಪಿಸುವುದು. ಸಸ್ಯವು ತನ್ನ ಎಲೆಗಳಲ್ಲಿ ತಯಾರಾದ ಸಕ್ಕರೆಯನ್ನು ಕೊಡುವುದು. ಸಕ್ಕರೆಯೊಂದನ್ನೇ ಅಲ್ಲ. ಈ ಶಿಲೀಂಧ್ರಕ್ಕೆ ಕೊಬ್ಬಿನ ಆಮ್ಲಗಳನ್ನು ಮೂಲದಿಂದ ತಯಾರಿಸುವ ಶಕ್ತಿ ಇಲ್ಲವೆಂದೂ, ಅವನ್ನೂ ಸಸ್ಯವೇ ಒದಗಿಸುತ್ತದೆಂದೂ 2017ರಲ್ಲಿ ಪ್ರಕಟವಾದ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಇದರಿಂದ ಒಂದು ಹಳೆಯ ಒಗಟೂ ಬಿಡಿಸಿದಂತಾಯಿತು: ಬೇರೆ ಶಿಲೀಂಧ್ರಗಳಂತೆ ಇದನ್ನು ಪ್ರಯೋಗಶಾಲೆಯ ತಟ್ಟೆಯಲ್ಲಿ ಒಂಟಿಯಾಗಿ ಬೆಳೆಸುವ ಪ್ರಯತ್ನಗಳು ಸಾಮಾನ್ಯವಾಗಿ ಏಕೆ ವಿಫಲವಾಗುತ್ತಿದ್ದವು ಎಂಬುದು. ಇದಕ್ಕೆ ಜೀವಂತ ಬೇರು ಬೇಕು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮಾರುಕಟ್ಟೆಯ ಪೊಟ್ಟಣಗಳ ವಿಚಾರ ಬಂದಾಗ ಇದು ಉಪಯೋಗಕ್ಕೆ ಬರುತ್ತದೆ.

ಇನ್ನು ಅಡಿಕೆಗೆ ಇದರ ಅಗತ್ಯ ಎಷ್ಟು? ಅಡಿಕೆಗೆ ತಾಯಿಬೇರಿಲ್ಲ. ಬುಡದಿಂದ ಹುರಿಗಳಂತೆ ಹೊರಟ ಬೇರುಗಳು ಕವಲೊಡೆದು, ಹೆಚ್ಚಿನ ಪಾಲು ಬುಡದಿಂದ ಒಂದು ಮೀಟರಿನ ಒಳಗೇ, ನೆಲದ ಮೇಲಣ ಪದರದಲ್ಲೇ ಹರಡಿಕೊಂಡಿರುತ್ತವೆ. ಅದಕ್ಕಿಂತ ಮುಖ್ಯವಾದುದು, ಗೋದಿ ರಾಗಿಗಳ ಬೇರಿನಲ್ಲಿ ಕಾಣುವಂಥ ಸೂಕ್ಷ್ಮವಾದ ರೋಮಗಳು ತಾಳೆಯ ಜಾತಿಯ ಬೇರುಗಳಲ್ಲಿ ಇಲ್ಲ. ರಂಜಕವಾದರೋ ಮಣ್ಣಿನ ನೀರಿನೊಡನೆ ಹರಿದು ಬರುವ ವಸ್ತುವಲ್ಲ. ಕಣಗಳಿಗೆ ಕಚ್ಚಿಕೊಂಡು ಕುಳಿತಿರುವುದು. ಬೇರು ತನ್ನ ಪಕ್ಕದ ಒಂದೆರಡು ಮಿಲಿಮೀಟರ್ ಮಣ್ಣಿನಲ್ಲಿದ್ದ ರಂಜಕವನ್ನು ಹೀರಿ ಮುಗಿಸಿತೆಂದರೆ ಅದರ ಆಚೆಗಿರುವುದು ತಾನಾಗಿ ಬಂದು ಸೇರಲಾರದು. ಮಣ್ಣಿನಲ್ಲಿ ರಂಜಕವಿದ್ದೂ ಬೇರಿನ ಸುತ್ತ ಬರಗಾಲ! ಶಿಲೀಂಧ್ರದ ತಂತುಗಳು ಬೇರಿನಿಂದ ಹಲವು ಸೆಂಟಿಮೀಟರ್ ದೂರ ಹೋಗಿ, ಬೇರು ತೂರಲಾಗದ ಸಂದುಗಳನ್ನು ಹೊಕ್ಕು, ಈ ಬರಿದಾದ ವಲಯವನ್ನು ದಾಟುತ್ತವೆ. ಒಂದು ತಂತುವಿನ ದಪ್ಪ ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕೂ ಕಡಿಮೆಯಿರುವುದೇ ಹೆಚ್ಚು. ಅಷ್ಟು ತೆಳ್ಳಗಿನ ದಾರವನ್ನು ನೂಲುವುದು ಮರಕ್ಕೆ ಅಗ್ಗದ ಖರ್ಚು. ಅದೇ ದೂರಕ್ಕೆ ಅಡಿಕೆಯ ದಪ್ಪ ಬೇರನ್ನು ಬೆಳೆಸುವುದು ದುಬಾರಿ. ಜೊತೆಗೆ ಈ ತಂತುಗಳ ಬಲೆಯು ಮಣ್ಣಿನ ಕಣಗಳನ್ನು ಹೊಲಿದು ಹರಳುಗಟ್ಟಿಸುವುದರಿಂದ ಗಾಳಿಯಾಟಕ್ಕೂ ನೀರಿನ ಇಂಗುವಿಕೆಗೂ ಅನುಕೂಲವಾಗುತ್ತದೆ.

ಇದಿಷ್ಟು ಸಾಮಾನ್ಯ ವಿಚಾರ. ಈಗ ಹಾವೇರಿ ಸೀಮೆಗೆ ಬರೋಣ.

ಹಾವೇರಿಯ ಬಳಿಯ ಅಗಡಿಯು ಕನ್ನಡಿಗರಿಗೆ ಆನಂದವನದಿಂದಲೂ ಗಳಗನಾಥರ ‘ಸದ್ಬೋಧ ಚಂದ್ರಿಕೆ’ಯಿಂದಲೂ ಪರಿಚಿತವಾದ ಊರು. ಒಕ್ಕಲಿಗನ ಕಣ್ಣಿಗೆ ಅದು ಎರೆಯೂ ಮಸಾರಿಯೂ ಒಂದರ ಮಗ್ಗುಲಲ್ಲಿ ಒಂದು ಬರುವ ಸೀಮೆಯ ಊರು. ಇಲ್ಲಿಯ ಮಳೆ ವರ್ಷಕ್ಕೆ ಸುಮಾರು 750 ಮಿಲಿಮೀಟರ್. ಪಶ್ಚಿಮಕ್ಕೆ ಕೆಲವೇ ಹರದಾರಿಗಳ ಆಚೆ ಶಿರಸಿಯಲ್ಲಿ ಅದರ ಮೂರು ಪಟ್ಟಿಗೂ ಮೀರುವುದುಂಟು. ಜೋಳ, ಹತ್ತಿ, ಮೆಣಸಿನಕಾಯಿಗಳ ಈ ನಾಡಿನಲ್ಲಿ ಹಿಂದೆ ಅಡಿಕೆ ಇದ್ದುದು ಕೆರೆಗಳ ಹಿಂದೆ, ಎಲೆಬಳ್ಳಿಯ ತೋಟಗಳ ಆಶ್ರಯದಲ್ಲಿ. ಕಳೆದ ಕೆಲವು ದಶಕಗಳಲ್ಲಿ ಕೊಳವೆಬಾವಿಗಳ ಬಲದಿಂದಲೂ ಅಡಿಕೆಯ ಬೆಲೆಯ ಆಕರ್ಷಣೆಯಿಂದಲೂ ಅದು ಬಯಲ ಹೊಲಗಳಿಗೆ ಹಬ್ಬಿತು. ಹಾನಗಲ್ಲಿನ ಕಡೆ ಭತ್ತದ ಗದ್ದೆಗಳೂ ತೋಟಗಳಾದವು.

ಮಲೆನಾಡಿನಲ್ಲಿ ಅಡಿಕೆಯ ತೋಟ ಒಂಟಿಯಾಗಿ ನಿಂತುದಲ್ಲ. ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಲ್ಲೇ ನೆಲೆಗೊಂಡಿತ್ತು. ಬೆಟ್ಟದ ಹಸಿಸೊಪ್ಪು, ಒಣದರಕು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತಿದ್ದವು. ವರ್ಷದ ಎಲ್ಲ ಕಾಲದಲ್ಲಿಯೂ ನೆಲಕ್ಕೆ ಹೊದಿಕೆ, ಮಣ್ಣಿನಲ್ಲಿ ಸಾವಯವ ದ್ರವ್ಯ, ಅದರಡಿಯಲ್ಲಿ ಎಡೆಬಿಡದೆ ಜೀವಂತ ಬೇರು. ಬೇರುಶಿಲೀಂಧ್ರದ ಹೆಸರನ್ನು ಕೇಳದೆಯೇ ಹವ್ಯಕ ಬೇಸಾಯಗಾರ ಅದಕ್ಕೆ ಬೇಕಾದುದೆಲ್ಲವನ್ನೂ ಒದಗಿಸುತ್ತಿದ್ದನು. ಬಯಲಿಗೆ ಅಡಿಕೆಯ ಸಸಿ ಬಂದಿತು, ನೀರೂ ಬಂದಿತು, ಬೆಟ್ಟ ಬರಲಿಲ್ಲ. ಬೆಟ್ಟದ ಸ್ಥಾನವನ್ನು ಗೊಬ್ಬರದ ಚೀಲ ತುಂಬಿತು. ಪ್ರಸ್ತುತ ಸಮಸ್ಯೆಯ ಮೂಲ ಇಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಎರೆ ನೆಲದಲ್ಲಿ ಸುಣ್ಣದ ಅಂಶ ಹೆಚ್ಚು. ಹಾಕಿದ ರಂಜಕವು ಸುಣ್ಣದೊಡನೆ ಸೇರಿ ಕರಗದ ಸ್ಥಿತಿಗೆ ಹೋಗುತ್ತದೆ. ಮಸಾರಿ ನೆಲದಲ್ಲಿ ಇದೇ ಕೆಲಸವನ್ನು ಕಬ್ಬಿಣ ಮತ್ತು ಅಲ್ಯುಮಿನಿಯಮ್ಮಿನ ಆಕ್ಸೈಡುಗಳು ಮಾಡುತ್ತವೆ. ಎರಡು ಕಡೆಯೂ ವರ್ಷ ವರ್ಷ ಹಾಕಿದ ರಂಜಕದ ಬಹುಪಾಲು ಮಣ್ಣಿನಲ್ಲೇ ಉಳಿದು ಠೇವಣಿಯಂತೆ ಬೆಳೆಯುವುದು. ಠೇವಣಿ ಇದೆ, ಅದನ್ನು ತೆಗೆದುಕೊಡುವ ಗುಮಾಸ್ತ ಬೇಕು. ಆ ಗುಮಾಸ್ತನೇ ಶಿಲೀಂಧ್ರ ಎನ್ನಬಹುದು. ಆದರೆ ಒಂದು ಎಚ್ಚರಿಕೆ ಅಗತ್ಯ: ಕರಗದ ರಂಜಕವನ್ನು ಕರಗಿಸುವ ಕೆಲಸ ಪ್ರಧಾನವಾಗಿ ಬೇರೆ ಕೆಲವು ಬ್ಯಾಕ್ಟೀರಿಯ ಮತ್ತು ಶಿಲೀಂಧ್ರಗಳದು. ಬೇರುಶಿಲೀಂಧ್ರದ ಶಕ್ತಿಯಿರುವುದು ಹೆಚ್ಚಾಗಿ ದೂರ ಹೋಗಿ ಹುಡುಕಿ ತರುವುದರಲ್ಲಿ. ಈ ಎರಡನ್ನೂ ಒಂದೇ ಎಂಬಂತೆ ಬರೆಯುವ ಕೈಪಿಡಿಗಳು ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುತ್ತವೆ.

ಮರದ ಬೇಡಿಕೆ ಎಷ್ಟೆಂಬುದನ್ನು ಈಗ ನೋಡೋಣ. ಕೇಂದ್ರೀಯ ತೋಟಬೆಳೆಗಳ ಸಂಶೋಧನಾಲಯವು ಫಲಕೊಡುವ ಅಡಿಕೆಯ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, ಆಕ್ಸೈಡಿನ ಲೆಕ್ಕದಲ್ಲಿ 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಇವುಗಳೊಡನೆ 12 ಕಿಲೋಗ್ರಾಂ ಹಸಿರೆಲೆ, 12 ಕಿಲೋಗ್ರಾಂ ಕಾಂಪೋಸ್ಟನ್ನು ಶಿಫಾರಸು ಮಾಡುತ್ತದೆ. ಮೂರರಲ್ಲಿ ರಂಜಕವೇ ಅತ್ಯಲ್ಪವೆಂಬುದು ಗಮನಾರ್ಹ. ಈಗ ಬೆಳೆಗಾರನ ಕೈಗೆ ಸುಲಭವಾಗಿ ಸಿಗುವ ಚೀಲಗಳನ್ನು ತೆಗೆದುಕೊಳ್ಳಿ. ಡಿ.ಎ.ಪಿ.ಯಲ್ಲಿ ನೂರಕ್ಕೆ 18 ಸಾರಜನಕ, 46 ರಂಜಕ. ಮರದ ಸಾರಜನಕವನ್ನೆಲ್ಲ ಡಿ.ಎ.ಪಿ.ಯಿಂದಲೇ ಪೂರೈಸಲು ಹೊರಟರೆ ಒಂದು ಮರಕ್ಕೆ ಸುಮಾರು 555 ಗ್ರಾಂ ಹಾಕಬೇಕಾಗಿ, ಅದರೊಡನೆ 255 ಗ್ರಾಂ ರಂಜಕ ನೆಲಕ್ಕೆ ಬೀಳುವುದು. ಬೇಕಾದುದಕ್ಕಿಂತ ಆರು ಪಟ್ಟಿಗೂ ಹೆಚ್ಚು. 17:17:17 ಎಂಬ ಸಂಯುಕ್ತ ಗೊಬ್ಬರವನ್ನು ಪೊಟ್ಯಾಷಿನ ಬೇಡಿಕೆ ತುಂಬುವಷ್ಟು ಹಾಕಿದರೆ ಮರಕ್ಕೆ 820 ಗ್ರಾಮಿನಷ್ಟು ಬೇಕಾಗಿ, ರಂಜಕವೂ 140 ಗ್ರಾಂ ಆಗುತ್ತದೆ. 2.7 ಮೀಟರ್ ಅಂತರದಲ್ಲಿ ನೆಟ್ಟ ಹೆಕ್ಟೇರಿಗೆ ಸುಮಾರು 1370 ಮರಗಳೆಂದಿಟ್ಟುಕೊಂಡರೆ, ಅನಾವಶ್ಯಕವಾಗಿ ನೆಲ ಸೇರುವ ರಂಜಕ ವರ್ಷಕ್ಕೆ 137 ಕಿಲೋಗ್ರಾಂ. ಇದಕ್ಕೆ ಪ್ರತಿಯಾಗಿ ಮರಕ್ಕೆ 87 ಗ್ರಾಂ ಡಿ.ಎ.ಪಿ., 183 ಗ್ರಾಂ ಯೂರಿಯಾ, 233 ಗ್ರಾಂ ಮ್ಯುರಿಯೇಟ್ ಆಫ್ ಪೊಟ್ಯಾಷ್ ಕೊಟ್ಟರೆ ಶಿಫಾರಸು ಸರಿಯಾಗಿ ತುಂಬುತ್ತದೆ. ಇದನ್ನು ಲೆಕ್ಕ ಹಾಕಲು ಪ್ರೌಢಶಾಲೆಯ ಗಣಿತ ಸಾಕು.

ಹೆಚ್ಚಾದ ರಂಜಕವು ಬರಿಯ ದುಂದುವೆಚ್ಚವಾಗಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಅದು ಬೇರುಶಿಲೀಂಧ್ರದ ಬಾಗಿಲನ್ನೇ ಮುಚ್ಚುತ್ತದೆ. ಅದರ ಬಗೆ ಕುತೂಹಲಕರವಾದುದು. 1966ರಲ್ಲಿ ಹತ್ತಿಯ ಬೇರು ಸ್ರವಿಸುವ ರಸದಿಂದ ಸ್ಟ್ರೈಗಾಲ್ ಎಂಬ ವಸ್ತುವನ್ನು ಬೇರ್ಪಡಿಸಲಾಯಿತು. ಜೋಳದ ಬೇರಿಗೆ ಅಂಟಿ ಬದುಕುವ ಸ್ಟ್ರೈಗಾ ಎಂಬ ಕಳೆಯ ಬೀಜವನ್ನು ಮೊಳೆಯಿಸುವ ಗುಣ ಅದಕ್ಕಿದ್ದುದರಿಂದ ಆ ಹೆಸರು. ತನ್ನ ಶತ್ರುವನ್ನು ಎಬ್ಬಿಸುವ ರಸವನ್ನು ಸಸ್ಯ ಏಕೆ ಸುರಿಸಬೇಕು? ನಲವತ್ತು ವರ್ಷ ಈ ಪ್ರಶ್ನೆ ಹಾಗೆಯೇ ನಿಂತಿತ್ತು. 2005ರಲ್ಲಿ ಉತ್ತರ ಸಿಕ್ಕಿತು: ಈ ಗುಂಪಿನ ವಸ್ತುಗಳು ಬೇರುಶಿಲೀಂಧ್ರದ ತಂತುವನ್ನು ಕವಲೊಡೆಸುವ ಕರೆಗಳು. ಸಸ್ಯ ಕರೆದುದು ಗೆಳೆಯನನ್ನು. ಕಳೆಯು ಆ ಕೂಗನ್ನು ಕದ್ದು ಕೇಳಿ ಬಂದುದು. ರಂಜಕದ ಕೊರತೆಯಿದ್ದಾಗ ಸಸ್ಯಗಳು ಈ ರಸವನ್ನು ಹೆಚ್ಚಾಗಿಯೂ ಸಮೃದ್ಧಿಯಿದ್ದಾಗ ಕಡಿಮೆಯಾಗಿಯೂ ಸ್ರವಿಸುವುದು ಅನೇಕ ಬೆಳೆಗಳಲ್ಲಿ ಕಂಡುಬಂದಿದೆ. ರಂಜಕವು ಬುಡದಲ್ಲೇ ಬಿದ್ದಿರುವಾಗ ಸಕ್ಕರೆ ಕೊಟ್ಟು ತರಿಸುವ ಪ್ರಮೇಯವೇನು? ಸಸ್ಯದ ದೃಷ್ಟಿಯಿಂದ ಇದು ಜಾಣತನವೇ ಸರಿ. ಆದರೆ ಶಿಲೀಂಧ್ರವು ರಂಜಕದೊಡನೆ ಸತುವನ್ನೂ ತಾಮ್ರವನ್ನೂ ತರುತ್ತಿದ್ದಿತು, ಮಣ್ಣನ್ನು ಹರಳುಗಟ್ಟಿಸುತ್ತಿದ್ದಿತು, ಬೇಸಗೆಯ ನೀರಡಿಕೆಯನ್ನು ತಡೆದುಕೊಳ್ಳಲು ನೆರವಾಗುತ್ತಿದ್ದಿತು. ಆ ಲಾಭಗಳು ಕೈತಪ್ಪುವುವು. ಹೆಚ್ಚಿದ ರಂಜಕವು ಸತುವಿನ ಕೊರತೆಯನ್ನು ತೀವ್ರಗೊಳಿಸುವುದು ಬೇರೆ.

ಶಿಲೀಂಧ್ರಕ್ಕೆ ಅಡ್ಡಿಯಾಗುವ ಬೇರೆ ಸಂಗತಿಗಳೂ ಉಂಟು. ಇದು ಗಾಳಿ ಬೇಡುವ ಜೀವಿ. ಎರೆ ನೆಲದಲ್ಲಿ ಬಸಿಗಾಲುವೆಯಿಲ್ಲದೆ ಹರಿನೀರು ಕಟ್ಟಿದ ತೋಟದಲ್ಲಿ ಸೊರಗುವುದು. ಗ್ಯಾನೊಡರ್ಮಕ್ಕೆ ಅದೇ ಕೆಟ್ಟ ಬಸಿತ ಅನುಕೂಲವೆಂಬುದು ದುರ್ದೈವ. ಬಹುಕಾಲ ನೀರು ನಿಂತ ಭತ್ತದ ಗದ್ದೆಯ ಮಣ್ಣಿನಲ್ಲಿ ಬೀಜಾಣುಗಳು ವಿರಳ. ಬುಡಕ್ಕೆ ಹೊಸ ಮಣ್ಣು ಏರಿಸುವ ರೂಢಿಯನ್ನು ಪೂರ್ತಿ ಅಲ್ಲಗಳೆಯಲಾಗದು. ಆದರೆ ಆಳದ ಗುಂಡಿಯಿಂದ ತೆಗೆದ ಮಣ್ಣನ್ನು ಗೇಣೆತ್ತರ ಹರಡಿದಾಗ, ಜೀವವಿದ್ದ ಮೇಲ್ಪದರ ಕೆಳಗೆ ಹೂತುಹೋಗಿ ನಿರ್ಜೀವವಾದುದು ಮೇಲೆ ಬರುತ್ತದೆ. ಈ ಶಿಲೀಂಧ್ರಗಳ ವಾಸ ಬಹುಮಟ್ಟಿಗೆ ಮೇಲಣ ಒಂದಡಿಯಲ್ಲಿ. ಅಡಿಗಡಿಗೆ ಯಂತ್ರದಿಂದ ಅಗೆತವಾದರೆ ತಂತುಗಳ ಬಲೆ ಹರಿಯುವುದು. ಬೋರ್ಡೋ ದ್ರಾವಣದ ತಾಮ್ರವು ಮಲೆನಾಡಿನ ಹಳೆಯ ತೋಟಗಳಲ್ಲಿ ದಶಕಗಳ ಕಾಲ ನೆಲಕ್ಕೆ ತೊಟ್ಟಿಕ್ಕಿ ಸಂಚಯವಾಗಿದೆ; ಬಯಲಿನಲ್ಲಿ ಮಳೆ ಕಡಿಮೆಯಾಗಿ ಸಿಂಪಡಣೆಯೂ ಕಡಿಮೆಯಾದುದರಿಂದ ಆ ಭಯ ಅಷ್ಟಿಲ್ಲ.

ಹಾಗಾದರೆ ಶಿಲೀಂಧ್ರವನ್ನು ಕೊಂಡು ತಂದು ಹಾಕಬಹುದೆ? ಈ ವಿಷಯದಲ್ಲಿ ನಮ್ಮ ನಾಡಿನಲ್ಲಿಯೇ ಒಳ್ಳೆಯ ಕೆಲಸ ನಡೆದಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಪ್ರೊ. ಡಿ. ಜೆ. ಬಾಗ್ಯರಾಜ್ ಅವರೂ ಶ್ರೀರಾಮುಲು ಅವರೂ 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೆಣಸಿನಕಾಯಿಯ ಸಸಿಗಳಿಗೆ ಮಡಿಯಲ್ಲೇ ಬೇರುಶಿಲೀಂಧ್ರವನ್ನು ಸೋಂಕಿಸಿ ಹೊಲಕ್ಕೆ ನಾಟಿ ಮಾಡಿದಾಗ ಬೆಳವಣಿಗೆಯೂ ಇಳುವರಿಯೂ ಹೆಚ್ಚಿ, ರಂಜಕದ ಗೊಬ್ಬರದಲ್ಲಿ ಉಳಿತಾಯವಾಯಿತು. ಬ್ಯಾಡಗಿಯ ಸೀಮೆಯವರು ಕಿವಿಗೊಡಬೇಕಾದ ಫಲಿತಾಂಶ. ಇಲ್ಲಿ ಯಶಸ್ಸಿನ ಗುಟ್ಟು ಸಸಿಮಡಿಯಲ್ಲಿದೆ. ಎಳೆಯ ಬೇರಿಗೆ, ಬೇರೆ ಶಿಲೀಂಧ್ರಗಳ ಪೈಪೋಟಿಯಿಲ್ಲದ ಮಣ್ಣಿನಲ್ಲಿ, ಸ್ವಲ್ಪ ಪ್ರಮಾಣದಿಂದಲೇ ಸೋಂಕು ತಗಲುತ್ತದೆ. ಅಡಿಕೆಯ ಸಸಿಯೂ ಪಾಲಿಥೀನ್ ಚೀಲದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬೆಳೆಯುವುದರಿಂದ, ಚೀಲಕ್ಕೆ ಮಣ್ಣು ತುಂಬುವಾಗಲೇ ಸೋಂಕುಮಣ್ಣನ್ನು ಬೆರೆಸುವುದು ಯುಕ್ತ.

ಹದಿನೈದು ಇಪ್ಪತ್ತು ವರ್ಷದ ತೋಟದ ಮಾತು ಬೇರೆ. ಅಲ್ಲಿ ನೆಲದ ಶಿಲೀಂಧ್ರಗಳು ಆಗಲೇ ಬೇರನ್ನು ಹೊಕ್ಕಿವೆ. ಹೊಸದಾಗಿ ಹಾಕಿದ ಚಮಚದಷ್ಟು ಪುಡಿ ಅವನ್ನು ಒತ್ತರಿಸಿ ನೆಲೆಯೂರುವುದು ಸಂದೇಹ. ಅತಿ ರಂಜಕದಿಂದ ಇರುವ ಶಿಲೀಂಧ್ರವೇ ಮೂಕವಾಗಿರುವಲ್ಲಿ ಹೊಸಬನಿಗೂ ಅದೇ ಗತಿ. ಮೇಲಾಗಿ, ಇದನ್ನು ಜೀವಂತ ಬೇರಿನ ಮೇಲೆಯೇ ಬೆಳೆಸಬೇಕಾದುದರಿಂದ ಪೊಟ್ಟಣಗಳ ಗುಣದಲ್ಲಿ ಅಂತರ ಅಪಾರ. ಬಿಸಿಲಿನಲ್ಲಿ ತಿಂಗಳುಗಟ್ಟಲೆ ಬಿದ್ದ ಪೊಟ್ಟಣದಲ್ಲಿ ಜೀವವೆಷ್ಟು ಉಳಿದಿದೆಯೆಂದು ಹೊರಗಿನಿಂದ ತಿಳಿಯಲಾಗದು. ಬೆಳೆಗಾರನೇ ಇದನ್ನು ತಯಾರಿಸಬಹುದು. ತೋಟದ ಅಂಚಿನಲ್ಲಿ ಚಿಕ್ಕದೊಂದು ಮಡಿ ಮಾಡಿ, ಪ್ರಯೋಗಶಾಲೆಯಿಂದ ತಂದ ನಂಬಿಕೆಯ ಮೂಲಮಣ್ಣನ್ನು ಬೆರೆಸಿ, ಗೋವಿನಜೋಳವನ್ನೋ ಜೋಳವನ್ನೋ ಬಿತ್ತಿ, ರಂಜಕದ ಗೊಬ್ಬರ ಕೊಡದೆ ಬೆಳೆಸಿ, ಮೂರು ತಿಂಗಳಾದ ಮೇಲೆ ನೀರು ನಿಲ್ಲಿಸಿ ಮೇಲಿನ ದಂಟನ್ನು ಕೊಯ್ದು, ಬೇರುಗಳನ್ನು ಸಣ್ಣಗೆ ಕತ್ತರಿಸಿ ಮಣ್ಣಿನೊಡನೆ ಕಲಸಿದರೆ ಸೋಂಕುಮಣ್ಣು ಸಿದ್ಧ. ಜೋಳ ಬೆಳೆಯಬಲ್ಲ ಸೀಮೆಯವರಿಗೆ ಇದೇನೂ ಹೊಸ ವಿದ್ಯೆಯಲ್ಲ.

ಆದರೆ ನಮ್ಮ ದೃಷ್ಟಿಯಲ್ಲಿ ಮೊದಲ ಸ್ಥಾನ ರಂಜಕದ ಲೆಕ್ಕಕ್ಕೆ ಸಲ್ಲಬೇಕು, ಎರಡನೆಯದು ಎಲೆಗೆ. ಮರಕ್ಕೆ 12 ಕಿಲೋಗ್ರಾಂ ಹಸಿರೆಲೆಯೆಂದರೆ ಹೆಕ್ಟೇರಿಗೆ 16 ಟನ್ನಿಗೂ ಹೆಚ್ಚು. ಬೆಟ್ಟವಿಲ್ಲದ ಹಾವೇರಿಯಲ್ಲಿ ಇದನ್ನು ತೋಟದಲ್ಲಿಯೇ ಬೆಳೆಯಬೇಕು. ಸಾಲುಗಳ ನಡುವೆ ಸೆಣಬು, ಅಲಸಂದೆ, ಹುರುಳಿಗಳನ್ನು ಬಿತ್ತಿ ಹೂಬಿಡುವ ಹೊತ್ತಿಗೆ ಕೊಯ್ದು ಬುಡಕ್ಕೆ ಹಾಸಬಹುದು. ಇವೆಲ್ಲ ಬೇರುಶಿಲೀಂಧ್ರಕ್ಕೆ ಆಶ್ರಯ ಕೊಡುವ ಬೆಳೆಗಳು. ಬಾಳೆ, ಕಾಳುಮೆಣಸು, ಎಲೆಬಳ್ಳಿಗಳೂ ಕೊಡುತ್ತವೆ. ಸಾಸಿವೆ, ಕೋಸುಗಳ ಕುಲ ಮಾತ್ರ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗದ್ದೆಯನ್ನು ತೋಟ ಮಾಡುವವರು ನೆಡುವ ಮುಂಚಿನ ಒಂದು ಹಂಗಾಮು ಗೋವಿನಜೋಳವನ್ನೋ ಸೆಣಬನ್ನೋ ಬೆಳೆದರೆ ಬೀಜಾಣುಗಳು ವೃದ್ಧಿಯಾಗಲು ಅವಕಾಶ ದೊರೆಯುವುದು. ತೋಟದಲ್ಲಿ ಬೀಳುವ ಸೋಗೆ, ಹಾಳೆ, ಸುಲಿದ ಸಿಪ್ಪೆ ವರ್ಷಕ್ಕೆ ಹೆಕ್ಟೇರಿಗೆ ಹಲವು ಟನ್ನುಗಳಾಗುತ್ತವೆ. ಅವನ್ನು ರಸ್ತೆಯ ಬದಿಗೆ ಒಟ್ಟಿ ಸುಡುವುದನ್ನು ಕಂಡರೆ, ಒಂಬತ್ತು ಎಕರೆ ಬೆಟ್ಟ ಸುತ್ತಿ ದರಕು ಹೊತ್ತವರು ಏನೆನ್ನುತ್ತಿದ್ದರೋ.

ಕಾಲೇಜುಗಳ ಅಧ್ಯಾಪಕರಿಗೆ ಒಂದು ಸೂಚನೆ. ಅಡಿಕೆಯ ಬೇರಿನಲ್ಲಿ ಶಿಲೀಂಧ್ರ ಇದೆಯೊ ಇಲ್ಲವೊ ಎಂಬುದನ್ನು ಸಾಧಾರಣ ಸೂಕ್ಷ್ಮದರ್ಶಕವಿರುವ ಯಾವ ಕಾಲೇಜಿನಲ್ಲಾದರೂ ನೋಡಬಹುದು. ದಪ್ಪ ಬೇರುಗಳನ್ನು ಬಿಟ್ಟು ಕೊನೆಯ ಕವಲಿನ ತೆಳು ಬೇರುಗಳನ್ನು ಆರಿಸಿ ತೊಳೆಯಬೇಕು. ನೂರಕ್ಕೆ ಹತ್ತರ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿನೀರಿನ ಪಾತ್ರೆಯ ಮೇಲಿಟ್ಟು, ಬಣ್ಣ ಬಿಟ್ಟು ತಿಳಿಯಾಗುವವರೆಗೆ ಕಾಯಿಸಿ, ಚೆನ್ನಾಗಿ ತೊಳೆದು, ನೂರಕ್ಕೆ ಐದರಷ್ಟು ಕಪ್ಪು ಶಾಯಿ ಬೆರೆಸಿದ ವಿನೆಗರಿನಲ್ಲಿ ಮೂರು ನಿಮಿಷ ಕುದಿಸುವುದು; ಅನಂತರ ಎರಡು ಹನಿ ವಿನೆಗರ್ ಹಾಕಿದ ನೀರಿನಲ್ಲಿ ಹೆಚ್ಚಿನ ಬಣ್ಣವನ್ನು ಬಿಡಿಸುವುದು. ಟ್ರಿಪಾನ್ ನೀಲಿಯನ್ನು ಬಳಸುವ 1970ರ ಪ್ರಸಿದ್ಧ ಕ್ರಮಕ್ಕಿಂತ ಇದು ಅಗ್ಗವೂ ನಿರಪಾಯವೂ ಆದುದು. ಕ್ಷಾರದ್ರಾವಣವನ್ನು ಮಾತ್ರ ವಿದ್ಯಾರ್ಥಿಗಳು ಕೈಗೆ ತಾಕಿಸಿಕೊಳ್ಳದಂತೆ ನೋಡಿಕೊಳ್ಳಬೇಕು. ಅಡಿಕೆಯ ಬೇರು ಗಡುಸಾದುದರಿಂದ ಕಾಯಿಸುವ ವೇಳೆ ಗೋದಿಯ ಬೇರಿಗಿಂತ ಹೆಚ್ಚು ಹಿಡಿಯುತ್ತದೆ. ಒಂದೇ ಊರಿನ ಮೂರು ಸ್ಥಳಗಳಿಂದ, ಅಂದರೆ ಸಂಯುಕ್ತ ಗೊಬ್ಬರವನ್ನೇ ನಂಬಿದ ತೋಟ, ಸೋಗೆ ಸಿಪ್ಪೆಗಳನ್ನು ಹಾಸುವ ತೋಟ, ಗದ್ದೆಯಿಂದ ಹೊಸದಾಗಿ ಪರಿವರ್ತಿಸಿದ ತೋಟ ಇವುಗಳಿಂದ, ಮುಂಗಾರು ಮುಗಿದು ನೆಲ ಹದವಾಗಿರುವ ಕಾರ್ತಿಕದ ಸುಮಾರಿಗೆ ಬೇರುಗಳನ್ನು ಸಂಗ್ರಹಿಸಿ, ತಲಾ ನೂರು ತುಂಡುಗಳಲ್ಲಿ ಎಷ್ಟರಲ್ಲಿ ತಂತುಗಳು ಕಾಣುವುವೆಂದು ಎಣಿಸಬೇಕು. ಜೊತೆಗೆ ಅದೇ ಮಣ್ಣಿನ ರಂಜಕದ ಪರೀಕ್ಷೆಯನ್ನೂ ಮಾಡಿಸಿದರೆ ಎರಡು ಅಂಕಿಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸಲು ಬರುತ್ತದೆ.